ಹಡಗಿನ ಫೋನಿಗೆ ಮೊದಲು ಸ್ನಾನ

ಮೇ ಕೊನೆಯ ವಾರ. ಸುರತ್ಕಲ್ ಕಡೆಯ ಗಿರಾಕಿಯೊಬ್ಬರು ಗೋಣಿಯಲ್ಲಿ ಏನೋ ಸುತ್ತಿಕೊಂಡು ಅಂಗಡಿಗೆ ಬಂದರು. ಮೇಜಿನ ಮೇಲೆ ಇಟ್ಟಾಗ ಮೇಜೇ ಅಲುಗಾಡಿತು. "ಎಂತ ಇದು, ಪಂಪಾ?" ಎಂದೆ. "ಫೋನು ಮಾರಾಯ್ರೇ, ಯುದ್ಧದ ಹಡಗಿನದ್ದು. ಅಲಂಗ್‌ನಿಂದ ತರಿಸಿದ್ದು" ಎಂದರು.

ಗುಜರಾತಿನ ಅಲಂಗ್ ಗೊತ್ತಲ್ಲ? ಹಡಗುಗಳನ್ನು ಒಡೆಯುವ ಕಡಲತೀರ. ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು ವಿರಾಟ್ ಕೂಡ 2020ರಲ್ಲಿ ಕೊನೆಗೆ ಅಲ್ಲಿಗೇ ಹೋಯಿತು. ಒಡೆದ ಹಡಗಿನ ಗಡಿಯಾರ, ದೀಪ, ಫೋನು ಎಲ್ಲ ಅಲ್ಲಿಯ ಗುಜರಿ ಅಂಗಡಿಗಳಿಗೆ ಬರುತ್ತವೆ.

ಟೆಲಿಫೋನ್ ಇಲಾಖೆಯಲ್ಲಿ ಮೆಕ್ಯಾನಿಕ್ ಆಗಿದ್ದಾಗ ನಾನು ಬಿಚ್ಚಿದ್ದು ಹೆಚ್ಚಾಗಿ ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಕಪ್ಪು ಫೋನುಗಳನ್ನು. ಹಡಗಿನ ಫೋನಿನ ಹೊಟ್ಟೆಯೊಳಗೆ ಇರುವುದೂ ಬಹುಮಟ್ಟಿಗೆ ಅದೇ ಸಾಮಾನು. ಡಯಲ್, ಗಂಟೆ, ಕಾಯಿಲ್, ಕಂಡೆನ್ಸರ್. ವ್ಯತ್ಯಾಸ ಹೊರಗೆ. ಎರಕದ ಅಲ್ಯೂಮಿನಿಯಂ ಪೆಟ್ಟಿಗೆ, ಗೋಡೆಗೆ ಬೋಲ್ಟ್ ಹಾಕುವ ಕಿವಿಗಳು, ಹಡಗು ಹೊಯ್ದಾಡಿದರೂ ರಿಸೀವರ್ ಬೀಳದಂತೆ ಹಿಡಿಯುವ ಕ್ಲಿಪ್ಪು, ನೀರು ನುಗ್ಗದಂತೆ ಮುಚ್ಚಳದ ಸುತ್ತ ರಬ್ಬರ್ ಗ್ಯಾಸ್ಕೆಟ್. ಹಡಗಿನಲ್ಲಿ ಡಯಲ್ ಇಲ್ಲದ, ಬ್ಯಾಟರಿಯೂ ಬೇಡದ ಫೋನುಗಳೂ ಉಂಟು. ಮಾತಾಡುವವನ ದನಿಯಿಂದಲೇ ಅದರಲ್ಲಿ ಕರೆಂಟು ಹುಟ್ಟುತ್ತದೆ. ಅದು ಬೇರೆ ಜಾತಿ. ಇದು ಹಡಗಿನದ್ದೇ ಆದ ಸಣ್ಣ ಎಕ್ಸ್‌ಚೇಂಜಿಗೆ ಸೇರಿದ್ದು.

ಗಿರಾಕಿಯ ಆಸೆ ಎರಡು. ಪೆಟ್ಟಿಗೆ ಪಳಪಳ ಹೊಳೆಯಬೇಕು, ಡಯಲ್ ತಿರುಗಬೇಕು. ಹೊಳಪಿನ ಮಾತು ಕೊನೆಗೆ ಎಂದೆ. ಮೊದಲು ಉಪ್ಪು.

ಕರಾವಳಿಯವರಿಗೆ ಉಪ್ಪಿನ ಬಗ್ಗೆ ಹೇಳಬೇಕಾಗಿಲ್ಲ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಮನೆ ಇದ್ದವರ ಕಿಟಕಿ ಸರಳನ್ನು ನೋಡಿದರೆ ಸಾಕು. ಹಳೆಯ ಫೋನು ಕೆಡುವುದು ವಯಸ್ಸಿನಿಂದ ಅಂತ ಜನ ತಿಳಿಯುತ್ತಾರೆ. ಹಡಗಿನ ಫೋನಿನ ಮಟ್ಟಿಗೆ ಹಾಗಲ್ಲ. ಹಿತ್ತಾಳೆಯ ಮೇಲಿನ ಹಸಿರು ಕಿಲುಬಿನಲ್ಲಿ, ಅಲ್ಯೂಮಿನಿಯಂ ಮೇಲಿನ ಬಿಳಿ ಪುಡಿಯಲ್ಲಿ ಸಮುದ್ರದ ಉಪ್ಪು ಅಡಗಿ ಕೂತಿರುತ್ತದೆ. ಉಜ್ಜಿ ಹೊಳಪು ಬರಿಸಿದರೂ ಸಣ್ಣ ಗುಳಿಗಳೊಳಗೆ ಅದು ಉಳಿಯುತ್ತದೆ. ಗಾಳಿಯಿಂದ ತೇವ ಎಳೆದುಕೊಂಡು ಮತ್ತೆ ಕೆಲಸ ಶುರು ಮಾಡುತ್ತದೆ.

ಹಾಗಾಗಿ ಸ್ನಾನ. ಪೆಟ್ಟಿಗೆ, ಸ್ಕ್ರೂ, ಹಿತ್ತಾಳೆಯ ತುಂಡುಗಳು ಮಾತ್ರ. ಕಾಯಿಲ್, ಬೇಕಲೈಟ್ ಎಂಬ ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಭಾಗ, ಮೌತ್‌ಪೀಸ್ ನೀರಿಗೆ ಇಳಿಯಲೇಬಾರದು. ಬೇಕಲೈಟಿನೊಳಗೆ ತುಂಬಲು ಮರದ ಹುಡಿ ಹಾಕಿರುತ್ತಾರೆ. ಮೇಲಿನ ಹೊಳಪು ಸವೆದಿದ್ದರೆ ಅದು ನೀರು ಕುಡಿಯುತ್ತದೆ. ಲೋಹದ ಭಾಗಗಳನ್ನು ಡಿಸ್ಟಿಲ್ಡ್ ವಾಟರ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಳುಗಿಸುತ್ತೇನೆ. ಮರುದಿನ ನೀರಿಗೆ ಟಿಡಿಎಸ್ ಮೀಟರ್, ಅಂದರೆ ಕರಗಿದ ಲವಣ ಎಷ್ಟಿದೆ ಎಂದು ಹೇಳುವ ಮೀಟರ್ ಅದ್ದುತ್ತೇನೆ. ವಾಟರ್ ಫಿಲ್ಟರ್ ಮಾರುವವರು ಮನೆಗೆ ಬಂದು ಹೆದರಿಸಲು ತೋರಿಸುತ್ತಾರಲ್ಲ, ಅದೇ ಮೀಟರು. ಅಂಕಿ ಏರಿದ್ದರೆ ಉಪ್ಪು ಇನ್ನೂ ಹೊರಗೆ ಬರುತ್ತಿದೆ ಎಂದರ್ಥ. ನೀರು ಚೆಲ್ಲಿ ಹೊಸದು ಹಾಕಬೇಕು. ಈ ಫೋನಿಗೆ ಹನ್ನೊಂದು ದಿನ ಹಿಡಿಯಿತು.

ಮನೆಯಲ್ಲಿ ದೀಪ ತಿಕ್ಕುವ ಹಾಗೆ ಹುಣಸೆಹುಳಿ, ಬಿಂಬುಳಿ ಹಾಕಿ ತೊಳೆಯುವವರಿದ್ದಾರೆ. ಕಾಲುದೀಪಕ್ಕೆ ಸರಿ. ಫೋನಿನ ಸಂದಿಯಲ್ಲಿ ಹುಳಿ ಉಳಿದರೆ ಅದೇ ಹೊಸ ರೋಗ. ಬಟ್ಟೆ ಸೋಡಾ ಅಂತೂ ಬೇಡವೇ ಬೇಡ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಇಷ್ಟಕ್ಕೂ ಬಿಚ್ಚುವುದೇ ಅರ್ಧ ಕೆಲಸ. ಅಲ್ಯೂಮಿನಿಯಂನಲ್ಲಿ ಹಿತ್ತಾಳೆ ಸ್ಕ್ರೂ ಕೂತು, ನಡುವೆ ಉಪ್ಪುನೀರು ಸೇರಿದರೆ ಒಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ಸವೆಯುವುದು ಅಲ್ಯೂಮಿನಿಯಂ. ಆ ಬಿಳಿ ಪುಡಿ ಉಬ್ಬಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಬಲ ಹಾಕಿದರೆ ತಲೆ ಮುರಿಯಿತು ಅಂತಲೇ ಲೆಕ್ಕ. ರಾತ್ರಿ ಚಿಮಿಣಿ ಎಣ್ಣೆ ಬಿಟ್ಟು, ಬೆಳಿಗ್ಗೆ ಅದನ್ನು ಪೂರ್ತಿ ಒರೆಸಿ, ಆಮೇಲೆ ಸೋಲ್ಡರಿಂಗ್ ಕಡ್ಡಿಯಿಂದ ಸ್ಕ್ರೂ ತಲೆ ಬಿಸಿ ಮಾಡಿ ತಿರುಗಿಸಬೇಕು. ಇನ್ನೊಂದು ಮಾತು. ಹಳೆಯ ಬ್ರಿಟಿಷ್ ಮಾದರಿಯ ಫೋನುಗಳಲ್ಲಿ ಸ್ಕ್ರೂ ಮಿಲಿಮೀಟರ್ ಲೆಕ್ಕದ್ದಲ್ಲ, ಬಿಎ (ಬ್ರಿಟಿಷ್ ಅಸೋಸಿಯೇಷನ್) ಎಂಬ ಹಳೆಯ ಅಳತೆಯದ್ದು. 4 ಬಿಎ ಸ್ಕ್ರೂ 3.6 ಮಿ.ಮೀ. ದಪ್ಪ. ಅಲ್ಲಿಗೆ 4 ಮಿ.ಮೀ. ಸ್ಕ್ರೂ ತುರುಕಿದರೆ ಥ್ರೆಡ್ ಹೋಯಿತು. ಈ ಫೋನಿನಲ್ಲಿ ಯಾರೋ ಪುಣ್ಯಾತ್ಮರು ಎರಡು ಕಡೆ ತುರುಕಿದ್ದರು.

ಬಣ್ಣ ಕೆರೆಯುವ ಮೊದಲೂ ಸ್ವಲ್ಪ ಯೋಚನೆ ಬೇಕು. ಹಳೆಯ ಹಡಗಿನ ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ. ಒಣ ಸ್ಯಾಂಡ್‌ಪೇಪರ್ ಹಾಕಿದರೆ ಆ ಹುಡಿ ನೇರ ಶ್ವಾಸಕೋಶಕ್ಕೆ. ಹಳೆಯ ಮಿಲಿಟರಿ ಉಪಕರಣಗಳ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ವಿಕಿರಣ ಸೂಸುವ ರೇಡಿಯಂ ಬಣ್ಣ ಹಚ್ಚುತ್ತಿದ್ದ ಕಾಲವೂ ಇತ್ತು. ಈಗ ಹೊಳೆಯುವುದಿಲ್ಲ ಅಂತ ಧೈರ್ಯ ಬೇಡ. ಹೊಳೆಯುವ ಪುಡಿ ಮಾತ್ರ ಸತ್ತಿರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಂಥ ಹಳದಿ ಮಿಶ್ರಿತ ಕಂದು ಅಂಕಿಗಳು ಕಂಡರೆ ನಾನು ಮುಟ್ಟದೆ ವಾಪಸ್ ಕೊಡುತ್ತೇನೆ. ಇದರಲ್ಲಿ ಇದ್ದದ್ದು ಕೆತ್ತಿ ಬಿಳಿ ತುಂಬಿದ ಅಂಕಿ, ಬಚಾವ್.

ಈಗ ಡಯಲ್. ನನಗೆ ಇಷ್ಟದ ಭಾಗ. ಬೆರಳಿಟ್ಟು ತಿರುಗಿಸುವಾಗ ನಾವು ಸ್ಪ್ರಿಂಗಿಗೆ ಕೀಲಿ ಕೊಡುತ್ತೇವೆ ಅಷ್ಟೆ. ಬೆರಳು ಬಿಟ್ಟ ಮೇಲೆ, ಅದು ವಾಪಸ್ ಬರುವಾಗಲೇ ನಂಬರ್ ಹೋಗುವುದು. 3 ಎಂದರೆ ಲೈನು ಮೂರು ಸಲ ಕಡಿಯುತ್ತದೆ, 0 ಎಂದರೆ ಹತ್ತು ಸಲ. ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ ಕಡಿಯಬೇಕು. ವೇಗ ಹೆಚ್ಚು ಕಡಿಮೆ ಆಗದಂತೆ ಒಳಗೆ ಗವರ್ನರ್ ಇದೆ. ಎರಡು ಪುಟ್ಟ ತೂಕಗಳು ತಿರುಗುತ್ತಾ ಹೊರಗೆ ಚಾಚಿ ಬಟ್ಟಲಿನ ಒಳಮೈಗೆ ಉಜ್ಜಿ ವೇಗ ಹಿಡಿಯುತ್ತವೆ.

ಡಯಲ್ ನಿಧಾನ ಆಯಿತೆಂದು ಜನ ಮಾಡುವ ಮೊದಲ ಕೆಲಸ ತೆಂಗಿನೆಣ್ಣೆ ಬಿಡುವುದು. ನಮ್ಮೂರಿನಲ್ಲಿ ಎಲ್ಲದಕ್ಕೂ ಅದೇ ಮದ್ದು ಅಲ್ವಾ? ಕೆಲವು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಬಟ್ಟಲಿಗೆ ಎಣ್ಣೆ ತಾಗಿದರಂತೂ ಗವರ್ನರ್ ಜಾರಿ ಡಯಲ್ ಸುಯ್ಯೆಂದು ಓಡುತ್ತದೆ, ನಂಬರ್ ತಪ್ಪುತ್ತದೆ. ಸರಿಯಾದ ದಾರಿ ಎಂದರೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆ ಅಂಟು ತೊಳೆದು, ಗಡಿಯಾರದ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ಎತ್ತಿ ಅಚ್ಚುಗಳಿಗೆ ಮಾತ್ರ ಮುಟ್ಟಿಸುವುದು. ಕಾಂಟ್ಯಾಕ್ಟ್‌ಗಳಿಗೆ ಸ್ಯಾಂಡ್‌ಪೇಪರ್ ಬೇಡ. ವಿಸಿಟಿಂಗ್ ಕಾರ್ಡಿನ ತುಂಡನ್ನು ನಡುವೆ ಇಟ್ಟು ಎರಡು ಸಲ ಎಳೆದರೆ ಸಾಕು.

ವೇಗ ನೋಡಲು ಹಿಂದೆ ಇಲಾಖೆಯಲ್ಲಿ ಟೆಸ್ಟರ್ ಇತ್ತು. ಈಗ ಮೊಬೈಲೇ ಟೆಸ್ಟರ್. 0 ತಿರುಗಿಸಿ ಬಿಟ್ಟು ಸದ್ದು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಆ ಅಲೆ ನೋಡಿದರೆ ಹತ್ತು ಟಿಕ್ ಎಣಿಸಬಹುದು. ಮೊದಲ ಟಿಕ್‌ನಿಂದ ಹತ್ತನೆಯದಕ್ಕೆ ಸುಮಾರು 0.9 ಸೆಕೆಂಡ್ ಬರಬೇಕು. ಈ ಡಯಲ್ ಮೊದಲ ದಿನ 1.4 ತೋರಿಸಿತ್ತು, ಈಗ 0.92.

ಕಂಡೆನ್ಸರ್ ಮಾತ್ರ ಹಳೆಯದನ್ನು ನಂಬಬೇಡಿ. ಕಾಗದದ ಕಂಡೆನ್ಸರ್ ತೇವ ಹೀರಿ ಸೋರುತ್ತದೆ. ಆಗ ರಿಸೀವರ್ ಇಟ್ಟೇ ಇದ್ದರೂ ಎತ್ತಿದ್ದಾರೆಂದು ಎಕ್ಸ್‌ಚೇಂಜ್ ತಿಳಿಯುತ್ತದೆ. ಹೊಸ ಫಿಲಂ ಕಂಡೆನ್ಸರನ್ನು ಹಳೆಯ ಡಬ್ಬಿಯೊಳಗೇ ಅಡಗಿಸಿಟ್ಟೆ. ಮೌತ್‌ಪೀಸಿನೊಳಗಿನ ಇದ್ದಿಲ ಹರಳುಗಳು ಗಂಟು ಕಟ್ಟಿದ್ದವು. ಅಂಗೈಗೆ ಮೆಲ್ಲಗೆ ತಟ್ಟಿದೆ, ಬಿಟ್ಟುಕೊಂಡವು. ಹೊಸ ಮೈಕ್ ಹಾಕಿದರೆ ದನಿ ಸ್ವಚ್ಛ ಬರುತ್ತದೆ ನಿಜ. ಆದರೆ ಆ ಒರಟು ದನಿಗೇ ಅಲ್ವಾ ಇಷ್ಟೆಲ್ಲ ಪಾಡು?

ಫೋನಿನ ಗಂಟೆ ಬಾರಿಸಲು ಸುಮಾರು 75 ವೋಲ್ಟ್ ಎಸಿ ಬೇಕು, ಬಾರಿಸುವಾಗ ತಂತಿ ಮುಟ್ಟಬೇಡಿ. ಕಂಬದ ಮೇಲೆ ಎರಡೂ ಕೈಯಲ್ಲಿ ತಂತಿ ಹಿಡಿದಿದ್ದಾಗ ಯಾರೋ ಆ ಮನೆಗೆ ಫೋನ್ ಮಾಡಿದ ಅನುಭವ ನನಗೆ ಉಂಟು.

ಮನೆಯ ಫೈಬರ್ ಬಾಕ್ಸಿಗೆ ಜೋಡಿಸಬಹುದಾ ಎಂದು ಗಿರಾಕಿ ಕೇಳಿದರು. ಜೋಡಿಸಬಹುದು. ಬಂದ ಕರೆಗೆ ಮಾತಾಡಬಹುದು. ಆದರೆ ಇಂಥ ಬಾಕ್ಸುಗಳು ಅನೇಕ ಕಡೆ ಬಟನ್ ಫೋನಿನ ಸ್ವರ ಮಾತ್ರ ಗುರುತಿಸುತ್ತವೆ, ಡಯಲಿನ ಟಿಕ್ ಟಿಕ್ ಅವಕ್ಕೆ ತಿಳಿಯುವುದಿಲ್ಲ. ನಡುವೆ ಆ ಟಿಕ್‌ಗಳನ್ನು (ಪಲ್ಸ್) ಬಟನ್ ಸ್ವರ (ಟೋನ್) ಮಾಡುವ ಸಣ್ಣ ಕನ್ವರ್ಟರ್ ಹಾಕಬೇಕು.

ಈಗ ಉಳಿದಿರುವುದು ಗ್ಯಾಸ್ಕೆಟ್. ಹಳೆಯದು ಹಪ್ಪಳದ ಹಾಗೆ ಮುರಿಯಿತು. ಬಂದರಿನಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಯಿಂದ ನಿಯೋಪ್ರೀನ್ ಶೀಟು ತಂದು ಹೊಸದು ಕತ್ತರಿಸಿದ್ದೇನೆ. ಆದರೆ ಹಾಕಿಲ್ಲ. ನೀರು ಒಳಗೆ ಹೋಗದಂತೆ ಮಾಡಿದ ಪೆಟ್ಟಿಗೆಯಿಂದ ತೇವ ಹೊರಗೂ ಹೋಗುವುದಿಲ್ಲ. ಆಟಿ ತಿಂಗಳ ಮಳೆಗಾಲದ ಗಾಳಿಯನ್ನು ಒಳಗಿಟ್ಟು ಮುಚ್ಚಳ ಬಿಗಿದರೆ ನಾನೇ ತುಕ್ಕಿಗೆ ಮನೆ ಕಟ್ಟಿಕೊಟ್ಟ ಹಾಗೆ.

ಗಿರಾಕಿ ಪ್ರತಿ ಸೋಮವಾರ ಫೋನ್ ಮಾಡುತ್ತಾರೆ. "ಆಯ್ತಾ?" "ಆಯ್ತು. ಆದರೆ ಡಿಸೆಂಬರಿಗೆ ಬನ್ನಿ." ಅಲ್ಲಿಯವರೆಗೆ ಫೋನು ಮುಚ್ಚಳ ತೆರೆದು, 40 ವಾಟಿನ ಬಲ್ಬಿನ ಪಕ್ಕದಲ್ಲಿ ಕೂತಿರುತ್ತದೆ.