ಮುದ್ದೆಗೂ ಲೆಕ್ಕ ಇದೆ

ಸಕ್ಕರೆ ಕಾಯಿಲೆ ಇರುವವರು ನನ್ನ ಮುಂದೆ ಕೂತ ಕೂಡಲೇ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ‘ಅನ್ನ ಬಿಟ್ಟಿದ್ದೀನಿ ಮೇಡಂ, ಈಗ ಬರೀ ರಾಗಿ.’ ಎಷ್ಟು ರಾಗಿ ಅಂತ ಕೇಳಿದರೆ ಗಲಿಬಿಲಿ ಆಗುತ್ತಾರೆ. ರಾಗಿಗೂ ಲೆಕ್ಕ ಇಡಬೇಕಾ?

ಇಡಲೇಬೇಕು. ಮಂಡ್ಯದಲ್ಲಿ ಊಟದ ಸಲಹೆ ಕೊಡುವ ನನಗೆ ಇದಕ್ಕಿಂತ ಬೇಸರ ತರಿಸುವ ವಿಷಯ ಇನ್ನೊಂದಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ರಾಗಿ, ನವಣೆ, ಸಾಮೆ, ಕೊರಲೆ ಎಲ್ಲವೂ ‘ಸೂಪರ್‌ಫುಡ್’ ಆದವು. ನಮ್ಮ ಧಾನ್ಯಗಳಿಗೆ ಮರ್ಯಾದೆ ಸಿಕ್ಕಿದ್ದು ನನಗೂ ಸಂತೋಷವೇ. ಆದರೆ ಎಷ್ಟು ತಿಂದರೂ ಸಕ್ಕರೆ ಏರಲ್ಲ ಅನ್ನೋ ನಂಬಿಕೆಯೂ ಜೊತೆಗೇ ಬಂತು.

ಸ್ವಲ್ಪ ಲೆಕ್ಕ ಮಾಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಂದರೆ ಅರಗಿದ ಮೇಲೆ ಸಕ್ಕರೆಯಾಗುವ ಪಿಷ್ಟದಂಥ ಅಂಶ. 100 ಗ್ರಾಂ ರಾಗಿಯಲ್ಲಿ ಸುಮಾರು 67. ವ್ಯತ್ಯಾಸ ಅಷ್ಟೇ. ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಅಂತ ಇಟ್ಟುಕೊಳ್ಳಿ. ಮೊದಲು 100 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಿದ್ದವರು, ರಾಗಿ ತಾನೇ ಅಂತ ಎರಡು ಮುದ್ದೆ ಉಂಡರೆ 78 ಇದ್ದದ್ದು 134 ಆಯಿತು. ರಕ್ತದಲ್ಲಿ ಸಕ್ಕರೆ ಇಳಿಯುವುದಾದರೂ ಹೇಗೆ?

ನಾರಿನಂಶ ಇದೆಯಲ್ಲ ಅಂತ ಓದಿಕೊಂಡವರು ಕೇಳುತ್ತಾರೆ. ಇದೆ. ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ರಾಗಿಯಲ್ಲಿ 11 ಗ್ರಾಂ ಇದೆ. ನಾರು ಇದ್ದರೆ ಪಿಷ್ಟ ನಿಧಾನವಾಗಿ ಅರಗುತ್ತದೆ, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ನಿಧಾನವಾಗಿ ಆದರೂ ಸೇರಿಯೇ ಸೇರುತ್ತದೆ. ನಾನು ದಿನಾ ಹೇಳಿ ಹೇಳಿ ಸಾಕಾಗಿರುವುದು ಈ ಒಂದು ಮಾತನ್ನೇ. ನಾರು ಪಿಷ್ಟವನ್ನು ತಡ ಮಾಡುತ್ತದೆ, ಇಲ್ಲದ ಹಾಗೆ ಮಾಡುವುದಿಲ್ಲ. ನವಣೆಗೂ ಇದೇ ಮಾತು, ಊದಲಿಗೂ ಇದೇ ಮಾತು. ಅದರಲ್ಲೂ ಪ್ಯಾಕೆಟ್ಟಿನಲ್ಲಿ ಬೆಳ್ಳಗೆ ಹೊಳೆಯುವ ಸಿರಿಧಾನ್ಯ ಪಾಲಿಶ್ ಆಗಿರುತ್ತದೆ. ನಾರು ತೌಡಿನ ಜೊತೆಗೇ ಹೋಗಿರುತ್ತದೆ.

ಮದ್ದೂರು ಕಡೆಯ ಹಿರಿಯರೊಬ್ಬರು ಬಂದಿದ್ದರು. ‘ಅನ್ನ ಮುಟ್ಟಾಕಿಲ್ಲ ಕಣವ್ವ, ಆದ್ರೂ ಸುಗರ್ ಇಳೀತಿಲ್ಲ’ ಅಂದರು. ದಿನವಿಡೀ ಏನೇನು ತಿಂತೀರಿ ಅಂತ ಕೇಳುತ್ತಾ ಹೋದೆ. ಹೊತ್ತಿಗೆರಡು ಮುದ್ದೆ. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟ್. ಹೊಲದಲ್ಲಿ ಚೊಂಬು ತುಂಬ ಅಂಬಲಿ. ಅಂಬಲಿಯನ್ನು ಅವರು ಹೇಳಿದ್ದು ಕೊನೆಗೆ, ಅದೂ ಸೊಸೆ ನೆನಪಿಸಿದ ಮೇಲೆ. ಕುಡಿಯುವುದು ಊಟ ಅಲ್ಲ ಅನ್ನೋದು ಅವರ ಲೆಕ್ಕ. ಆದರೆ ನುಣ್ಣಗೆ ಬೀಸಿದ ಹಿಟ್ಟು, ನೀರಾಗಿ ಬೆಂದದ್ದು, ಮೇಲೆ ಬೆಲ್ಲ ಬೇರೆ. ಮಾಲ್ಟ್ ಬೇಗ ಅರಗುತ್ತದೆ, ಸಕ್ಕರೆ ಬೇಗ ಏರುತ್ತದೆ. ಗಟ್ಟಿ ಮುದ್ದೆಯನ್ನು ಕಾಳಿನ ಸಾರಲ್ಲಿ ಉಂಡರೆ ಅಷ್ಟು ಬೇಗ ಏರುವುದಿಲ್ಲ.

ಅವರಿಗೆ ಮುದ್ದೆ ಬಿಡಿ ಅಂತ ನಾನು ಹೇಳಲಿಲ್ಲ. ಮಂಡ್ಯದವರಿಗೆ ಹಾಗೆ ಹೇಳುವ ಮನಸ್ಸು ನನಗೆ ಬರುವುದೂ ಇಲ್ಲ, ಹೇಳುವ ಅಗತ್ಯವೂ ಇಲ್ಲ. ಹೊತ್ತಿಗೊಂದೇ ಮುದ್ದೆ, ಅದೂ ಸಣ್ಣದು. ಸಾರು ತೆಳ್ಳಗೆ ಬೇಡ. ಮೊಳಕೆ ಹುರುಳಿಕಾಳು, ಅವರೆಕಾಳು, ಸೊಪ್ಪು ತಟ್ಟೆಯಲ್ಲಿ ಕಾಣುವಷ್ಟು ಇರಲಿ. ಬೆಲ್ಲದ ಮಾಲ್ಟ್ ನಿಲ್ಲಲಿ. ಮುಂದಿನ ಸಲ ಬಂದಾಗ ಸಕ್ಕರೆ ಇಳಿದಿತ್ತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ವಯಸ್ಸು, ಮಾತ್ರೆ, ದುಡಿಮೆ ಎಲ್ಲವೂ ಇದರಲ್ಲಿ ಸೇರುತ್ತವೆ.

ರಾಗಿಯ ಮೇಲೆ ನನಗೆ ಪ್ರೀತಿ ಕಡಿಮೆ ಇಲ್ಲ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ 10 ಕೂಡ ಇಲ್ಲ. ಬೆಳೆಯುವ ಮಕ್ಕಳಿಗೆ, ಬಾಣಂತಿಯರಿಗೆ, ಮುಟ್ಟು ನಿಂತ ಹೆಂಗಸರಿಗೆ ಇದು ದೊಡ್ಡ ವರ. ಇಲ್ಲೇ ಮಂಡ್ಯದ ನಮ್ಮ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ‘ಇಂಡಾಫ್’ ತಳಿಗಳನ್ನು ಬೆಳೆಸಿದರು. ರೈತರ ಕಣದಲ್ಲಿ ರಾಶಿ ದೊಡ್ಡದಾಯಿತು, ಬಡವರ ಹೊಟ್ಟೆ ತುಂಬಿತು. ಹಿರಿಯರು ಅವರನ್ನು ಇವತ್ತಿಗೂ ರಾಗಿ ಲಕ್ಷ್ಮಣಯ್ಯ ಅಂತಲೇ ನೆನೆಯುತ್ತಾರೆ. ಇಷ್ಟು ಒಳ್ಳೆಯ ಧಾನ್ಯಕ್ಕೆ ಸಕ್ಕರೆ ಕಾಯಿಲೆ ವಾಸಿ ಮಾಡುವ ಸುಳ್ಳು ಹೊರೆ ಯಾಕೆ?

ಚಿಯಾ ಬಗ್ಗೆಯೂ ಕೇಳುತ್ತಾರೆ. ಈಗ ನಮ್ಮ ಎಚ್.ಡಿ. ಕೋಟೆ ಕಡೆಯೇ ಬೆಳೆಯುತ್ತಾರೆ. ಒಳ್ಳೆಯ ಬೀಜವೇ. ಅದರಲ್ಲಿರುವ ಒಮೆಗಾ-3 ಅನ್ನೋ ಒಳ್ಳೆಯ ಕೊಬ್ಬು ನಮ್ಮ ಅಗಸೆಯಲ್ಲೂ ಇದೆ, ದುಡ್ಡು ಮಾತ್ರ ಕಡಿಮೆ. ಚಿಯಾ ತಿನ್ನುವುದಾದರೆ ನೆನೆಸಿ ತಿನ್ನಿ. ಒಣಗಿದ್ದನ್ನೇ ಬಾಯಿಗೆ ಹಾಕಿ ನೀರು ಕುಡಿದರೆ ಗಂಟಲಲ್ಲೇ ಉಬ್ಬಿಕೊಳ್ಳಬಹುದು.

ನನಗೆ ನಿಜವಾಗಿ ಭಯ ಆಗುವುದು ಮಾತ್ರೆ ಬಿಡುವವರನ್ನು ಕಂಡರೆ. ಕೊರಲೆ ಗಂಜಿ ಕುಡಿದರೆ ಸಾಕು ಅಂತ ಯಾರೋ ಹೇಳಿದ ವಿಡಿಯೋ ನೋಡಿ, ಸುಮ್ನೆ ಮಾತ್ರೆ ನಿಲ್ಲಿಸಿ, ಕಾಲಿನ ಗಾಯ ಮಾಯದೆ ಬಂದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ, ಸಕ್ಕರೆ ತೀರಾ ಕೆಳಗಿಳಿದು ತಲೆ ಸುತ್ತಿ ಬೀಳಬಹುದು. ಕಿಡ್ನಿ ತೊಂದರೆ ಇದ್ದವರು ನುಗ್ಗೆಸೊಪ್ಪಿನ ಪುಡಿ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರ ಇದ್ದರೆ, ಮುದ್ದೆ ಉಂಡ ದಿನ ಊಟ ಶುರು ಮಾಡಿದ ಎರಡು ಗಂಟೆಗೆ ಒಮ್ಮೆ, ಅನ್ನ ಉಂಡ ದಿನ ಒಮ್ಮೆ ನೋಡಿ ಬರೆದಿಡಿ. ಎಷ್ಟು ಮುದ್ದೆ, ಎಷ್ಟು ಅನ್ನ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಬರುವಾಗ ಆ ಚೀಟಿ ತನ್ನಿ. ಅಂಬಲಿಯನ್ನೂ ಅದರಲ್ಲಿ ಬರೆಯಿರಿ.