ರಸ್ತೆ ಕೆಲಸ ಮುಗಿದರೂ ಕಾಮಗಾರಿಯ ಎಚ್ಚರಿಕೆ ಬೋರ್ಡು ಊರಲ್ಲೇ ಇದೆ, ತೆಗೆಯಬೇಕಾದವರು ಯಾರು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇರುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ತಂದಿಟ್ಟವರೇ ತೆಗೆಯಬೇಕು, ಅಂದರೆ ಆ ಕೆಲಸದ ಗುತ್ತಿಗೆದಾರರು. ಅವರಿಂದ ತೆಗೆಸುವ ಹೊಣೆ ರಸ್ತೆ ಯಾರದೋ ಆ ಇಲಾಖೆಯದು. ಬೋರ್ಡು ಎತ್ತಿಕೊಂಡು ಹೋಗುವುದೂ ಕಾಮಗಾರಿಯ ಭಾಗವೇ. ಇಂಗ್ಲೆಂಡ್‌ನಲ್ಲಿ ನೀರು, ಗ್ಯಾಸ್, ಕೇಬಲ್ ಕಂಪನಿಗಳು ರಸ್ತೆ ಅಗೆಯುವುದಕ್ಕೆ 1991ರ ಕಾಯ್ದೆ ಇದೆ. ಅಲ್ಲಿ ಗುಂಡಿ ಮುಚ್ಚಿದ ಮೇಲೂ ಬೋರ್ಡು, ಬ್ಯಾರಿಕೇಡ್ ಬಿಟ್ಟುಹೋದರೆ, ಗಡುವು ಮೀರಿದ ದಿನಗಳ ಲೆಕ್ಕದಲ್ಲಿ ಶುಲ್ಕ ಬೀಳಬಹುದು.

ಉತ್ತರ ಇಷ್ಟೇ. ಆದರೆ ಇದರ ಬೆನ್ನಿಗೇ ಒಂದು ಮಾತು ಬರುತ್ತದೆ: "ಇದ್ದರೆ ಇರಲಿ ಬಿಡಿ, ಗಾಡಿಗಳಾದರೂ ನಿಧಾನಕ್ಕೆ ಹೋಗ್ತವೆ." ದಯವಿಟ್ಟು ಈ ನಂಬಿಕೆ ಬಿಡಿ. ಇದು ಪೂರ್ತಿ ತಪ್ಪು.

ಊರ ರಸ್ತೆಯಲ್ಲಿ ಓಡಾಡುವವರು ಹೆಚ್ಚಾಗಿ ದಿನಾ ಅದೇ ದಾರಿಯವರು. ಮೊದಲೆರಡು ದಿನ ಬೋರ್ಡು ನೋಡಿ ಬ್ರೇಕ್ ಹಾಕುತ್ತಾರೆ. ಮುಂದೆ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಬೋರ್ಡು ಕಣ್ಣಿಗೇ ಬೀಳುವುದಿಲ್ಲ. ಮುಂದೊಂದು ದಿನ ಅಲ್ಲೇ ನಿಜವಾಗಿ ಗುಂಡಿ ತೋಡಿದಾಗ ಯಾರು ನಿಧಾನ ಮಾಡುತ್ತಾರೆ ಹೇಳಿ? ಆ ಬೋರ್ಡನ್ನೇ ನಂಬಿ ಗುಂಡಿಯೊಳಗೆ ಇಳಿದು ಕೆಲಸ ಮಾಡುವವರಿದ್ದಾರೆ. ಸುಳ್ಳು ಬೋರ್ಡಿನ ಮೊದಲ ಪೆಟ್ಟು ಬೀಳುವುದು ಅವರಿಗೆ.

ಹೊಸಬರದು ಇನ್ನೊಂದು ಪಾಡು. ಅವರು ಬೋರ್ಡು ನಂಬುತ್ತಾರೆ. ಉಳಿದುಹೋದ ಒಂದು ಡೈವರ್ಷನ್ ಬಾಣ ಸಾಕು, ಲಾರಿ ತಿರುಗಿಸಲಾಗದ ಓಣಿಗೆ ನುಗ್ಗುತ್ತದೆ.

ಬೋರ್ಡು ಸುಮ್ನೆ ನಿಂತಿರುವುದೂ ಇಲ್ಲ. ಸ್ಟ್ಯಾಂಡಿನ ಕಾಲಿಗೆ ಒತ್ತಿಟ್ಟ ಮರಳಿನ ಮೂಟೆ ಬಿಸಿಲಿಗೆ ಹರಿದು ಮರಳು ಸೋರುತ್ತದೆ. ಆಮೇಲೆ ಒಂದು ಜೋರು ಗಾಳಿ ಸಾಕು. ಮುಖ ಕೆಳಗಾಗಿ ಬಿದ್ದರಂತೂ ಮುಗಿಯಿತು. ಬೆಳಕಿಗೆ ಹೊಳೆಯುವ ಹಾಳೆ ಅಂಟಿಸಿರುವುದು ಮುಂದಿನ ಬದಿಗೆ ಮಾತ್ರ, ಬೆನ್ನಿಗಲ್ಲ. ರಾತ್ರಿ ಹೆಡ್‌ಲೈಟಿಗೆ ಆ ತಗಡು ಕಾಣುವುದೇ ಇಲ್ಲ. ಫುಟ್‌ಪಾತ್ ಮೇಲೆ ನಿಂತಿದ್ದರೆ ಗಾಲಿಕುರ್ಚಿಯವರು ರಸ್ತೆಗೆ ಇಳಿಯಬೇಕು. ಕಣ್ಣು ಕಾಣದವರ ಕೋಲು ಸ್ಟ್ಯಾಂಡಿನ ಎರಡು ಕಾಲುಗಳ ನಡುವೆ ಸಲೀಸಾಗಿ ಹೋಗಿಬಿಡುತ್ತದೆ, ತಗಡಿನ ಅಂಚು ಮೈಗೆ ಬಡಿಯುತ್ತದೆ. ನಿಮಗೆ ವೇಗ ಕಡಿಮೆಯಾಗಬೇಕು ಅಂತಿದ್ದರೆ ಹಂಪ್ ಕೇಳಿ, ಕಾಯಂ ವೇಗಮಿತಿ ಕೇಳಿ. ಅದು ನ್ಯಾಯವಾದ ಬೇಡಿಕೆ.

ಹೆಚ್ಚಾಗಿ ಉಳಿಯುವುದು ಯಾವ ಬೋರ್ಡು ಅಂತ ಗಮನಿಸಿದ್ದೀರಾ? ಗುಂಡಿ ಪಕ್ಕದ್ದಲ್ಲ, ದೂರದ್ದು. ಇಡುವಾಗ 'ಮುಂದೆ ಕಾಮಗಾರಿ' ಅನ್ನುವುದನ್ನು ಮೊದಲು ಇಡುತ್ತಾರೆ, ಆಮೇಲೆ ಕೆಲಸದ ಜಾಗದ ಕಡೆಗೆ ಬರುತ್ತಾರೆ. ತೆಗೆಯುವುದು ಇದಕ್ಕೆ ಉಲ್ಟಾ. ಕ್ರಮ ಸರಿಯಾಗಿಯೇ ಇದೆ, ಎಚ್ಚರಿಕೆ ಬೋರ್ಡು ಕೊನೆಯವರೆಗೂ ಇರಲೇಬೇಕು. ಆದರೆ ಅಷ್ಟು ಹೊತ್ತಿಗೆ ಸಾಮಾನೆಲ್ಲ ಗಾಡಿಗೆ ಏರಿರುತ್ತದೆ, ಅಡ್ಡರಸ್ತೆಯ ಮೂಲೆಯಲ್ಲಿದ್ದದ್ದು ಮರೆತುಹೋಗುತ್ತದೆ.

ಹಾಗಂತ ನೀವೇ ಕಿತ್ತುಹಾಕಬೇಡಿ. ಅಗೆದ ಜಾಗಕ್ಕೆ ತಾತ್ಕಾಲಿಕ ತೇಪೆ ಹಾಕಿ, ಮಣ್ಣು ಕೂತ ಮೇಲೆ ಕೊನೆಯ ಡಾಂಬರು ಹಾಕುವುದುಂಟು. ಬೋರ್ಡು ಅದಕ್ಕೇ ಇಟ್ಟಿರಬಹುದು. ಫೋಟೋ ತೆಗೆದು, ಜಾಗ ಬರೆದು ಇಲಾಖೆಗೆ ಕಳಿಸಿ. ಬೋರ್ಡಿನ ಹಿಂಭಾಗದ ಫೋಟೋ ಜಾಸ್ತಿ ಮುಖ್ಯ, ಯಾರ ಬೋರ್ಡು ಅಂತ ಬರೆದಿದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ರಸ್ತೆ ಮೇಲೆ ಬಿದ್ದಿದ್ದರೆ ಮಾತ್ರ, ಗಾಡಿ ಬರುತ್ತಿಲ್ಲ ಅಂತ ನೋಡಿಕೊಂಡು, ಅಂಚಿಗೆ ಸರಿಸಿ.

ಇನ್ನೊಂದು ವಿಷಯ ಇದೆ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಉಳಿದುಹೋದ '30' ಬೋರ್ಡನ್ನು ಈಗ ಕಾರೂ ಓದುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಹೊಸ ಕಾರುಗಳಲ್ಲಿ ವೇಗಮಿತಿ ತಿಳಿದು ಚಾಲಕರನ್ನು ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಕ್ಯಾಮೆರಾ ಅಂಕಿ ಓದಬಲ್ಲದು, ಕೆಲಸ ಮುಗಿದಿದೆಯಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಖಾಲಿ ರಸ್ತೆಯಲ್ಲಿ ಅದು ಸುಮ್ಮಸುಮ್ಮನೆ ಬೀಪ್ ಅನ್ನುತ್ತಿದ್ದರೆ ಚಾಲಕರು ಅದನ್ನೂ ಆಫ್ ಮಾಡಿಬಿಡುತ್ತಾರೆ.