ಬಿಳಿ ಗೆರೆ ಮೂಡಿದರೆ ಡೂಪ್ಲಿಕೇಟ್ ಅಲ್ಲ

ಅಟ್ಟ ಗುಡಿಸುವಾಗ ಎರಡು ಸಾಮಾನು ಕೈಜಾರಿ ಬಿದ್ದವು. ಒಂದು, ಯಕ್ಷಗಾನದ ಕ್ಯಾಸೆಟ್ಟಿನ ಪಾರದರ್ಶಕ ಡಬ್ಬಿ. ಇನ್ನೊಂದು, ಹಳೇ ಟಿ.ವಿ.ಯ ಕಪ್ಪು ಹಿಂಬದಿ ಕವಚ. ಡಬ್ಬಿ ಫಟ್ಟನೆ ಒಡೆದು ಚೂರಾಯಿತು. ಕವಚದ ಮೂಲೆ ಮಡಚಿಕೊಂಡಿತು, ಮಡಚಿದಲ್ಲಿ ಬಿಳಿ ಗೆರೆ ಮೂಡಿತು, ಅಷ್ಟೆ. ಕೈಜೋಡಿಸಲು ಬಂದಿದ್ದ ನೆರೆಮನೆಯವರು ಗೆರೆ ನೋಡಿ, "ಡೂಪ್ಲಿಕೇಟ್ ಮಾಲು ಮಾರಾಯ್ರೆ, ರಬ್ಬರ್ ಬೆರೆಸಿದ್ದಾರೆ" ಅಂದರು. ತೀರ್ಥಹಳ್ಳಿ ಪೇಟೆಯಲ್ಲೂ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ರಬ್ಬರ್ ಬೆರೆಸಿರುವುದು ನಿಜ. ಅದಕ್ಕೇ ಅದು ಒಡೆಯಲಿಲ್ಲ.

ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೇ. ಕವಚದಲ್ಲಿ ನೂರಕ್ಕೆ ಆರೇಳು ಪಾಲು ಪಾಲಿಬ್ಯುಟಡೀನ್ ರಬ್ಬರ್ ಇರುತ್ತದೆ, ಸುಮಾರು 1ರಿಂದ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಗಾತ್ರದ ಕಣಗಳಾಗಿ. ಪೆಟ್ಟು ಬಿದ್ದಾಗ ಈ ಮೆತ್ತನೆಯ ಕಣಗಳ ಅಂಚಿನಲ್ಲಿ ಬಿಗಿತ ಹೆಚ್ಚಿ, ಸೂಕ್ಷ್ಮ ಸೀಳುಗಳು ಹೊರಡುತ್ತವೆ. ಇವು ಪೂರ್ತಿ ಬಿರುಕಲ್ಲ. ಹಲಸಿನ ಮೇಣ ಅಂಟಿದ ಬೆರಳುಗಳನ್ನು ಬಿಡಿಸಿದರೆ ನಡುವೆ ಎಳೆ ಎಳೆಯಾಗಿ ಹಿಗ್ಗುತ್ತದಲ್ಲ, ಹಾಗೆ ಸೀಳಿನ ಎರಡೂ ದಡಗಳನ್ನು ಪ್ಲಾಸ್ಟಿಕ್ಕಿನ ಎಳೆಗಳು ಹಿಡಿದಿರುತ್ತವೆ. ಪೆಟ್ಟಿನ ಶಕ್ತಿ ಆ ಎಳೆಗಳನ್ನು ಹಿಗ್ಗಿಸುವುದರಲ್ಲೇ ಖರ್ಚು. ನಡುವಿನ ಖಾಲಿ ಜಾಗ ಬೆಳಕನ್ನು ಚದುರಿಸುತ್ತದೆ, ಗೆರೆ ಬಿಳಿಯಾಗಿ ಕಾಣುತ್ತದೆ. ಬೆಟ್ಟದಲ್ಲಿ ಇಂಗುಗುಂಡಿ ತೋಡಿದವರಿಗೆ ಇದು ಬೇಗ ಹೊಳೆದೀತು: ಮಳೆನೀರು ಒಂದೇ ಕೊರಕಲಿನಲ್ಲಿ ನುಗ್ಗಿದರೆ ಧರೆ ಜರಿಯುತ್ತದೆ, ನೂರಾರು ಗುಂಡಿಗೆ ಹಂಚಿಹೋದರೆ ಅಲ್ಲಲ್ಲೇ ನಿಲ್ಲುತ್ತದೆ. ಗುಂಡಿ ಬೊಗಸೆಯಷ್ಟಾದರೆ ಪ್ರಯೋಜನವಿಲ್ಲ. ಕೆರೆಯಷ್ಟಾದರೆ ಇಡೀ ಬೆಟ್ಟಕ್ಕೆ ಒಂದೋ ಎರಡೋ. ಕಣವೂ ಹಾಗೆ, ತೀರ ಸಣ್ಣದಾದರೆ ಸೀಳನ್ನು ಹುಟ್ಟಿಸಲೂ ತಡೆಯಲೂ ಆರದು. ಹೆಲ್ಮೆಟ್ಟಿಗೆ ಬಳಸುವ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತ ಸಣ್ಣ ಕಣ ಸಾಕು, ಅದರ ಲೆಕ್ಕ ಬೇರೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಕಣದ ಅಡ್ಡಕೊಯ್ತ ನೋಡಿದರೆ ಥೇಟ್ ಹಲಸಿನ ಹಣ್ಣು! ರಬ್ಬರಿನ ತೊಳೆ, ಒಳಗೆ ಪಾಲಿಸ್ಟೈರೀನಿನ ಬೀಜ. ಅದರಿಂದಲೇ ಆರೇಳು ಪಾಲು ರಬ್ಬರ್ ಇಪ್ಪತ್ತು ಪಾಲಿನ ಜಾಗ ತುಂಬುತ್ತದೆ.

ಬೀಜ ಒಳಗೆ ಹೋದದ್ದು ಹೇಗೆ? 1927ರಲ್ಲಿ ರಷ್ಯಾ ಮೂಲದ ರಸಾಯನ ವಿಜ್ಞಾನಿ ಇವಾನ್ ಆಸ್ಟ್ರೋಮಿಸ್ಲೆನ್ಸ್ಕಿ, ಪಾಲಿಸ್ಟೈರೀನಿನ ಮೂಲದ್ರವವಾದ ಸ್ಟೈರೀನಿನಲ್ಲಿ ರಬ್ಬರ್ ಕರಗಿಸಿ ಗಟ್ಟಿಮಾಡುವ ಪೇಟೆಂಟ್ ಪಡೆದರು. ಅವರ ವಿಧಾನದಲ್ಲಿ ಕಡೆಯುವ ಕೆಲಸವಿರಲಿಲ್ಲ. ಅಮೆರಿಕದ ಡೌ ಕಂಪನಿಯ ಜೇಮ್ಸ್ ಏಮಸ್ ಮತ್ತು ಜೊತೆಗಾರರ 1954ರ ಪೇಟೆಂಟಿನ ಜೀವಾಳ ಕಡೆಯುವುದೇ. ಕೆನೆಯಲ್ಲಿ ನೀರಿನ ನಡುವೆ ಕೊಬ್ಬಿನ ಹನಿಗಳಿರುತ್ತವೆ. ಕಡಗೋಲು ಆಡಿಸುತ್ತ ಹೋದರೆ ಒಂದು ಗಳಿಗೆಯಲ್ಲಿ ಎಲ್ಲ ತಿರುವುಮುರುವು, ಕೊಬ್ಬಿನ ನಡುವೆ ನೀರಹನಿ ಉಳಿದು ಬೆಣ್ಣೆ. ಪ್ಲಾಸ್ಟಿಕ್ ತಯಾರಿಸುವ ಹಂಡೆಯಲ್ಲೂ (ರಿಯಾಕ್ಟರ್) ಮೊದಲು ರಬ್ಬರ್ ದ್ರಾವಣದ ನಡುವೆ ಪಾಲಿಸ್ಟೈರೀನ್ ಹನಿ. ಪಾಲಿಸ್ಟೈರೀನ್ ಹೆಚ್ಚುತ್ತಾ ಬಂದಾಗ, ಕಡೆಯುತ್ತಿದ್ದರೆ, ರಬ್ಬರೇ ಹನಿಯಾಗಿ ಒಡೆಯುತ್ತದೆ, ಒಂದಿಷ್ಟು ಪಾಲಿಸ್ಟೈರೀನನ್ನು ಹೊಟ್ಟೆಯಲ್ಲೇ ಉಳಿಸಿಕೊಂಡು. ಕಡೆಯದಿದ್ದರೆ ಬಲೆಯಾಗಿಯೇ ಉಳಿದೀತು. ಜೋರಾಗಿ ಕಡೆದಷ್ಟೂ ಕಣ ಸಣ್ಣ. ಜೊತೆಗೆ ರಬ್ಬರಿನ ಸರಪಳಿಗೆ ಪಾಲಿಸ್ಟೈರೀನ್ ಕಸಿಯಾಗುತ್ತದೆ, ಹಿಪ್ಪಲಿಗೆ ಕಾಳುಮೆಣಸು ಕಟ್ಟಿದ ಹಾಗೆ. ಕಸಿ ಹಿಡಿಯದಿದ್ದರೆ ಕಣ ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಳ್ಳುತ್ತದೆ.

ಪಾಲಿಬ್ಯುಟಡೀನಿಗೆ ಬಿಸಿಲು ಮಾತ್ರ ಆಗದು. ಅದರ ಅಣುಸರಪಳಿಯ ಜೋಡಿಬಂಧಗಳಿಗೆ (ಇಂಗಾಲದ ಪರಮಾಣುಗಳ ನಡುವಿನ ಎರಡೆಳೆಯ ಕೊಂಡಿಗಳಿಗೆ) ನೇರಳಾತೀತ ಕಿರಣವೂ ಆಮ್ಲಜನಕವೂ ತಾಗಿ ಮೇಲ್ಪದರದ ರಬ್ಬರ್ ಗಡುಸಾಗುತ್ತದೆ, ಆಮೇಲೆ ಕವಚವೂ ಕ್ಯಾಸೆಟ್ ಡಬ್ಬಿಯಂತೆಯೇ ಒಡೆಯುತ್ತದೆ. ನೆರೆಯವರು ಕೋಳಿಗೂಡಿನ ಮಾಡಿಗೆ ಬೇಕೆಂದು ಅದನ್ನು ಕೇಳಿ ತೆಗೆದುಕೊಂಡು ಹೋದರು. ನೆರಳಿರುವ ಬದಿಗೆ ಹಾಕಿ ಎಂದೆ.